ನಿಧಾನಪ್ಪನ ಚುಕ್ಕಿಗಳು

ನನ್ನ ಸೋದರಮಾವ ಯಾವುದನ್ನೂ ಒಂದೇ ಏಟಿಗೆ ನಂಬಿದವರಲ್ಲ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತಾರೆ. ಎಳೆದಾಗ ಬಿಚ್ಚಿಕೊಳ್ಳದಿದ್ದರೆ ಕೊಂಡಿ ಸುಮ್ಮನೆ ಸಿಕ್ಕಿಹಾಕಿಕೊಂಡಿರಬಹುದೆಂದು ಮತ್ತೆ ಬಿಚ್ಚಿ ಹಾಕುತ್ತಾರೆ. ಮೀಟರ್ ನೋಡಲು ಬಂದ ವಿದ್ಯುತ್ ಕಚೇರಿಯವನನ್ನು ಗೇಟಿನ ಹೊರಗೆ ನಿಲ್ಲಿಸಿ ಅದೇ ಕಚೇರಿಗೆ ಫೋನು ಮಾಡಿ, "ನಿಮ್ಮವನು ಅಂತ ಒಬ್ಬ ಬಂದಿದ್ದಾನೆ, ಎಡಗೆನ್ನೆ ಮೇಲೆ ಮಚ್ಚೆ ಇದೆ, ನಿಮ್ಮವನೇನಾ?" ಎಂದು ವಿಚಾರಿಸಿದವರು. ಆ ಕಡೆಯವರು ಹೌದು ಅಂದರೆ, "ಹಾಗನ್ನೋಕೆ ನೀವ್ಯಾರು?" ಎಂದು ಅವರನ್ನೇ ಹಿಡಿದುಕೊಂಡವರು.

ಅಂಥವರು ನನ್ನನ್ನು ತಮ್ಮ ಮನೆಯ ಮಹಡಿ ಕೋಣೆಯಲ್ಲಿ ಇಟ್ಟುಕೊಂಡಿದ್ದಾರೆ ಎನ್ನುವುದೇ ಒಂದು ಆಶ್ಚರ್ಯ. ಅವರು ಕಂಡಕ್ಟರ್ ಆಗಿರುವ ಬಸ್ ಡಿಪೊದಲ್ಲೇ ನನಗೂ ಕೆಲಸ. ವೇಳಾಪಟ್ಟಿ ವಿಭಾಗ, ಗುತ್ತಿಗೆ ನೌಕರಿ, ಹುದ್ದೆಯ ಹೆಸರು ದತ್ತಾಂಶ ಸಹಾಯಕ. ಸೇರಿದ ದಿನ ಅತ್ತೆಗೆ ಹೆಮ್ಮೆಯಿಂದ ಹೇಳಿದೆ. "ದತ್ತಾಂಶಕ್ಕೆ ಏನಾಗಿದೆ, ನೀನು ಹೋಗಿ ಸಹಾಯ ಮಾಡೋಕೆ?" ಎಂದರು. ಆ ಪ್ರಶ್ನೆಯನ್ನು ನಾನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಈ ಕಥೆಯ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ.

ಮಾವ ಹರೆಯದಲ್ಲಿ ಒಂದು ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದರು. ಅನುಮಾನದ ಅಕ್ಷರಾಭ್ಯಾಸ ಅಲ್ಲೇ ಆಯಿತು. "ಕತ್ತಲಲ್ಲಿ ಎಲ್ಲರೂ ಮುಂದಿನ ಸೀಟಿಗೆ ಜರುಗೋವ್ರೇ ಕಣೋ. ಟಾರ್ಚ್ ಬಿಟ್ಟಾಗ ಮಾತ್ರ ಟಿಕೆಟ್ ಹುಡುಕ್ತಾರೆ" ಎನ್ನುತ್ತಾರೆ. ಚಿತ್ರಮಂದಿರ ಮುಚ್ಚಿ ಅಲ್ಲಿ ಮಂಚ ಬೀರುಗಳ ಅಂಗಡಿ ಬಂದ ಮೇಲೆ ಡಿಪೊ ಸೇರಿ ಬಸ್ಸು ತೊಳೆಯುವ ಕೆಲಸ ಹಿಡಿದರು. ವರ್ಷಗಟ್ಟಲೆ ನೀರಿನಲ್ಲಿ ನಿಂತು ಕಾಲ್ಬೆರಳ ಸಂದುಗಳು ಕೊಳೆತವು, ಮಂಡಿ ಹಿಡಿದುಕೊಂಡಿತು. ಆಮೇಲೆ ಪರೀಕ್ಷೆ ಕಟ್ಟಿ ಕಂಡಕ್ಟರ್ ಆದರು. ಚೀಲ ಹೆಗಲಿಗೇರಿದ ದಿನ ಕನ್ನಡಿಯ ಮುಂದೆ ನಿಂತು ಕನ್ನಡಿಯೊಳಗಿನವನನ್ನೇ "ಟಿಕೆಟ್ ತೋರ್ಸಿ" ಎಂದು ಕೇಳಿದರಂತೆ. ಅತ್ತೆ ಇದನ್ನು ಹೇಳುವಾಗಲೆಲ್ಲ ಮಾವ ಎದ್ದು ಹೋಗಿ ಬೀಗ ಎಳೆದು ನೋಡಿ ಬರುತ್ತಾರೆ.

ಮೊದಲು ಮಾವನ ಬಾಯಿ ಬಲು ಕೆಟ್ಟದಾಗಿತ್ತು. ಬಾಗಿಲಲ್ಲಿ ನೇತಾಡುವವರಿಗೆ ಅವರು ಕೊಡುತ್ತಿದ್ದ ಬೈಗುಳಗಳನ್ನು ಹಳೆಯ ಪ್ರಯಾಣಿಕರು ಈಗಲೂ ನೆನೆಸಿಕೊಂಡು ನಗುತ್ತಾರೆ. ಬಾಯಿ ತೊಳೆದದ್ದು ಟಿಕೆಟ್ ಮಶಿನ್ನು. ಹಳೆಯ ಟಿಕೆಟ್ ಕಟ್ಟುಗಳು ಹೋಗಿ ಕೈಯಲ್ಲಿ ಹಿಡಿಯುವ ಮಶಿನ್ನು ಬಂದಾಗ ಕಲಿಸಲು ಬಂದವನು ಎಲ್ಲ ಕಂಡಕ್ಟರುಗಳ ಮುಂದೆ ತಮಾಷೆಗೆ, "ಹುಷಾರು, ಇದು ನಿಮ್ಮನ್ನೆಲ್ಲ ನೋಡ್ತಾ ಇರುತ್ತೆ" ಎಂದ. ಉಳಿದವರು ನಕ್ಕರು. ಮಾವ ಮಶಿನ್ನನ್ನು ತಿರುಗಿಸಿ ನೋಡಿದರು. ಮುಂಭಾಗದಲ್ಲಿ, ಬ್ರ್ಯಾಂಡಿನ ಹೆಸರಿನ ಕೆಳಗೆ, ಸೂಜಿ ಹಿಡಿಸುವಷ್ಟು ಒಂದು ತೂತು ಇತ್ತು. ಅಷ್ಟೇ ಸಾಕಾಯಿತು. ಅಂದಿನಿಂದ ಆ ತೂತಿನ ಎದುರು ಮಾವ ಯಾರನ್ನೂ ಬೈದಿಲ್ಲ. ಮುದುಕರಿಗೆ ಕೈಕೊಟ್ಟು ಹತ್ತಿಸಿಕೊಳ್ಳುತ್ತಾರೆ. ಬ್ಯಾಟರಿ ಮುಗಿಯುತ್ತ ಬಂದಾಗ ಅದಕ್ಕೆ, "ಸ್ವಲ್ಪ ತಡ್ಕೊಳ್ಳಿ, ಡಿಪೊ ಬಂತು" ಎಂದು ಬಹುವಚನದಲ್ಲಿ ಹೇಳುತ್ತಾರೆ.

ಆ ತೂತು ಏತಕ್ಕೆಂದು ನನಗೆ ಗೊತ್ತು. ಮಶಿನ್ನು ಹೆಪ್ಪುಗಟ್ಟಿದ ಹಾಗೆ ನಿಂತುಬಿಟ್ಟರೆ ಒಳಕ್ಕೆ ಪಿನ್ನು ಚುಚ್ಚಿ ಎಬ್ಬಿಸಲು. ಹೇಳಿದರೂ ಮಾವ ನಂಬುವವರಲ್ಲ ಎಂದು ಸುಮ್ಮನಿದ್ದೆ.

ಕಷ್ಟ ಶುರುವಾದದ್ದು ಮೆಮೊಗಳಿಂದ. ಮಶಿನ್ನಿನಲ್ಲಿ 'ಟ್ರಿಪ್ ಮುಗಿಯಿತು' ಎಂಬ ಗುಂಡಿಯೊಂದು ಇದೆ. ಕೊನೆಯ ನಿಲ್ದಾಣ ತಲುಪಿದಾಗ ಕಂಡಕ್ಟರ್ ಅದನ್ನು ಒತ್ತಬೇಕು. ಒತ್ತಿದ ಹೊತ್ತು ವೇಳಾಪಟ್ಟಿಯ ಹೊತ್ತಿಗಿಂತ ತಡವಾಗಿದ್ದರೆ ಕಾರಣ ಕೇಳುವ ಮೆಮೊ ತಾನಾಗಿ ಮುದ್ರಣವಾಗಿ ಬರುತ್ತದೆ. ಡಿಪೊಗೂ ಆಸ್ಪತ್ರೆಗೂ ನಡುವೆ ಮಾವ ಓಡಾಡುವ ಆಸ್ಪತ್ರೆ ರೂಟಿನಲ್ಲಿ ಮೆಮೊ ಬರುತ್ತಿದ್ದುದು ಹೆಚ್ಚುಕಡಿಮೆ ಅವರೊಬ್ಬರಿಗೇ. ಡ್ರೈವರುಗಳು ಬದಲಾಗುತ್ತಿದ್ದರು, ಬಸ್ಸು ಬದಲಾಗುತ್ತಿತ್ತು, ಮಾವ ಇದ್ದ ಬಸ್ಸು ಮಾತ್ರ ತಡ. ಡಿಪೊದಲ್ಲಿ ಅವರಿಗೆ ನಿಧಾನಪ್ಪ ಎಂದು ಹೆಸರು ಬಿತ್ತು. ಕೊನೆಗೆ ಮ್ಯಾನೇಜರ್ ವಿಚಾರಣೆ ಇಟ್ಟರು: ಬೇಕಂತಲೇ ತಡ ಮಾಡುತ್ತಿರುವುದು ನಿಜವೆಂದಾದರೆ ಕಂಡಕ್ಟರ್ ಚೀಲ ವಾಪಸು, ಮತ್ತೆ ಬಸ್ ತೊಳೆಯುವ ಕೆಲಸ. ಮತ್ತೆ ಆ ನೀರು, ಆ ಮಂಡಿ.

ಇದೇ ಹೊತ್ತಿಗೆ ಮ್ಯಾನೇಜರ್ ನನಗೂ ಒಂದು ಕೆಲಸ ಕೊಟ್ಟಿದ್ದರು. ಆಸ್ಪತ್ರೆ ರೂಟಿಗೆ ಹೊಸ ವೇಳಾಪಟ್ಟಿ ಬರೆಯಬೇಕಾಗಿತ್ತು. ದಿನದ ಯಾವ ಹೊತ್ತಿನಲ್ಲಿ ಒಂದು ಟ್ರಿಪ್ಪು ಎಷ್ಟು ನಿಮಿಷ ಹಿಡಿಯುತ್ತದೆಂದು ಮಶಿನ್ನುಗಳ ಮಾಹಿತಿಯಿಂದ ಒಂದು ಗೆರೆ ಎಳೆದು ಕೊಡಬೇಕು. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಟ್ರಿಪ್ಪು ಒಂದೊಂದು ಚುಕ್ಕಿ. ನಾನು ಆರಿಸಿಕೊಂಡ ವಿಧಾನದ ಹೆಸರು ಕರ್ನೆಲ್ ರಿಗ್ರೆಶನ್. ಹೆಸರಿಗೆ ಹೆದರಬೇಕಾಗಿಲ್ಲ, ಹೆದರುವುದನ್ನು ನಿಮ್ಮ ಪರವಾಗಿ ನಾನೇ ಪೂರೈಸಿದ್ದೇನೆ. ಎಂಟು ಗಂಟೆಯ ಬಸ್ಸು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದರೆ ಅದು ಎಂಟರ ಆಸುಪಾಸಿನ ಚುಕ್ಕಿಗಳನ್ನು ವಿಚಾರಿಸುತ್ತದೆ. ಹತ್ತಿರದವರ ಮಾತಿಗೆ ತೂಕ ಹೆಚ್ಚು, ದೂರದವರ ಮಾತಿಗೆ ಕಡಿಮೆ. ಹೊಸ ಬಾಡಿಗೆದಾರ ಎಂಥವನೆಂದು ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಂಡ ಹಾಗೆ.

ಆದರೆ ಅಕ್ಕಪಕ್ಕದವರ ಮಾತನ್ನು ಎಷ್ಟು ನಂಬಬೇಕು? ಅದಕ್ಕೆ ಒಂದು ಲಗಾಮು ಉಂಟು. ಸಡಿಲ ಬಿಟ್ಟರೆ ಗೆರೆ ಪ್ರತಿಯೊಂದು ಚುಕ್ಕಿಯ ಬೆನ್ನು ಹತ್ತಿ ಓಡುತ್ತದೆ, ಯಾರೋ ಒಬ್ಬ ಒಂದು ದಿನ ಟೈರು ಪಂಕ್ಚರ್ ಆಗಿ ನಿಂತದ್ದನ್ನೂ ವೇದವಾಕ್ಯವೆಂದು ತೆಗೆದುಕೊಳ್ಳುತ್ತದೆ. ಬಿಗಿದುಬಿಟ್ಟರೆ ಯಾರ ಮಾತಿಗೂ ಕಿವಿಗೊಡದೆ ಸರಾಸರಿಯ ಮೇಲೆ ಅಡ್ಡಡ್ಡ ಮಲಗುತ್ತದೆ. ಸಡಿಲ ಬಿಟ್ಟರೆ ನಾನು, ಬಿಗಿದರೆ ಮಾವ. ಎಷ್ಟು ಬಿಗಿಯಬೇಕೆಂದು ನಾವು ನಮ್ಮ ಇಷ್ಟದಂತೆ ಹೇಳುವ ಹಾಗಿಲ್ಲ, ಚುಕ್ಕಿಗಳಿಂದಲೇ ಹೇಳಿಸಬೇಕು. ಕೆಲವು ಟ್ರಿಪ್ಪುಗಳನ್ನು ಬಚ್ಚಿಟ್ಟು, ಉಳಿದವುಗಳಿಂದ ಗೆರೆ ಎಳೆದು, ಬಚ್ಚಿಟ್ಟವನ್ನು ಆ ಗೆರೆ ಎಷ್ಟು ಸರಿಯಾಗಿ ಊಹಿಸುತ್ತದೆ ನೋಡುವುದು. ಸರದಿಯ ಮೇಲೆ ಬೇರೆ ಬೇರೆ ಟ್ರಿಪ್ಪುಗಳನ್ನು ಬಚ್ಚಿಟ್ಟು, ಬೇರೆ ಬೇರೆ ಬಿಗಿಯಲ್ಲಿ ಇದನ್ನೇ ಮಾಡಿ, ಯಾವ ಬಿಗಿಯಲ್ಲಿ ತಪ್ಪು ಎಲ್ಲಕ್ಕಿಂತ ಕಡಿಮೆಯೋ ಅದನ್ನು ಇಟ್ಟುಕೊಳ್ಳುವುದು.

ಗುಂಪಿನಿಂದ ತೀರ ಮೇಲೆ ತೇಲುತ್ತಿದ್ದ ಒಂದಿಷ್ಟು ಚುಕ್ಕಿಗಳನ್ನು, ಪಾಠದಲ್ಲಿ ಹೇಳಿಕೊಟ್ಟಂತೆ, ದಾರಿ ತಪ್ಪಿದವೆಂದು ಮೊದಲೇ ಬದಿಗಿಟ್ಟೆ. ಉಳಿದವುಗಳಿಂದ ಎಳೆದ ಗೆರೆ ಬಚ್ಚಿಟ್ಟ ಟ್ರಿಪ್ಪುಗಳನ್ನೆಲ್ಲ ಕಣ್ಣಾರೆ ಕಂಡಂತೆ ಹೇಳಿತು. ತಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತ ಭಂಗಿಯನ್ನು ಯಾರಾದರೂ ಫೋಟೋ ತೆಗೆದಿದ್ದರೆ ಕಂಪನಿಯ ಕ್ಯಾಲೆಂಡರಿಗೆ ಹಾಕಬಹುದಿತ್ತು.

ಬದಿಗಿಟ್ಟ ಚುಕ್ಕಿಗಳು ಯಾರವು ಎಂದು ಮ್ಯಾನೇಜರ್ ಕೇಳಿದರು. ತೆರೆದು ನೋಡಿದೆ. ಎಲ್ಲವೂ ಒಂದೇ ಕಂಡಕ್ಟರ್ ಬ್ಯಾಡ್ಜ್ ನಂಬರಿನವು.

"ನಿಧಾನಪ್ಪಂದಲ್ವಾ?" ಮ್ಯಾನೇಜರ್ ತಲೆಯಾಡಿಸಿದರು. "ವಿಚಾರಣೆಗೆ ಈ ಚಿತ್ರ ಒಂದೇ ಸಾಕು. ಪ್ರಿಂಟ್ ತೆಗೆದು ಇಡಿ."

ಹೀಗೆ ಮಾವನ ಅನ್ನದ ತಟ್ಟೆಯಲ್ಲೇ ಉಣ್ಣುತ್ತಿದ್ದ ನಾನು ಅವರ ವಿರುದ್ಧದ ಸಾಕ್ಷಿಗೆ ಬಣ್ಣ ತುಂಬಿಕೊಟ್ಟಿದ್ದೆ. ಅವರ ಚುಕ್ಕಿಗಳಿಗೆ ಕೆಂಪು ಆರಿಸಿದ್ದೂ ನಾನೇ, ಚೆನ್ನಾಗಿ ಕಾಣಲಿ ಎಂದು.

ನಮ್ಮ ವಿಭಾಗಕ್ಕೆ ಹಿರಿಯರಾದ ಮೇಡಂ ಒಬ್ಬರಿದ್ದಾರೆ. ಸಂಖ್ಯಾಶಾಸ್ತ್ರ ಓದಿದವರು, ನಗುವುದನ್ನು ಓದಲಿಲ್ಲ. ಪ್ರಿಂಟಿಗೆ ಸಹಿ ಬೇಕೆಂದು ಅವರ ಮೇಜಿಗೆ ಹೋದೆ. ಅವರು ಚಿತ್ರ ನೋಡಲಿಲ್ಲ, ನನ್ನನ್ನು ನೋಡಿದರು.

"ಲಗಾಮು ಎಲ್ಲಿ ನಿಂತಿದೆ?"

"ಸಡಿಲದ ಕಡೆ, ಮೇಡಂ. ನಾನು ಕೊಟ್ಟ ಬಿಗಿಗಳಲ್ಲಿ ಕೊಟ್ಟಕೊನೆಯದು."

"ಇನ್ನೂ ಸಡಿಲ ಕೊಟ್ಟು ನೋಡಿದ್ರಾ?"

ಅಲ್ಲೇ ಕೂತು ಕೊಟ್ಟೆ. ಲಗಾಮು ಅದರ ಕೊನೆಗೂ ಓಡಿತು. ಇನ್ನೂ ಕೊಟ್ಟೆ. ಅಲ್ಲಿಗೂ ಓಡಿತು. ಒಂದೇ ಒಂದು ಅನುಮಾನವೂ ಬೇಡ, ಚುಕ್ಕಿ ಹೇಳಿದ್ದನ್ನೆಲ್ಲ ನಂಬಿ, ಎಂದು ಅದರ ಹಠ.

"ಲಗಾಮು ಯಾವತ್ತಾದ್ರೂ ಮೂಲೆಗೆ ಹೋಗಿ ಕೂತ್ರೆ ಯಾರೋ ತಳ್ತಾ ಇದಾರೆ ಅಂತ ಅರ್ಥ" ಎಂದರು ಮೇಡಂ. "ರಸ್ತೇಲಿ ಓಡೋ ಬಸ್ಸು ಇದು. ಸಿಗ್ನಲ್ ಇಲ್ವಾ? ಅಡ್ಡ ಬರೋ ಜನ ಇಲ್ವಾ? ಇಷ್ಟು ನೆಟ್ಟಗಿರೋ ಚುಕ್ಕಿ ನಾನು ನೋಡಿಲ್ಲ. ಬಚ್ಚಿಟ್ಟ ಉತ್ತರಾನ ಗೆರೆಗೆ ಮೊದಲೇ ತೋರಿಸಿಬಿಟ್ಟಿದೀರಾ?"

"ಇಲ್ಲ ಮೇಡಂ."

"ನೀವು ಇಲ್ಲ ಅಂತೀರಿ" ಎಂದು ಸಹಿ ಮಾಡದೆ ಕಾಗದ ವಾಪಸು ಕೊಟ್ಟರು. ಮಾವನ ಅನುಮಾನದ ಜೊತೆ ಬೆಳೆದವನಿಗೆ ಇದು ತವರಿನ ಭಾಷೆ. ಆದರೂ ಉರಿಯಿತು.

ಮನೆಗೆ ಬಂದರೆ ಅತ್ತೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನನ್ನನ್ನು ಒಳಗೆ ಕರೆದರು. ಅವರದು ಬೇರೆಯೇ ಅನುಮಾನ.

"ಹಿಂದಿನ ಬೀದಿ ಕಂಡಕ್ಟರದ್ದೂ ಇವರದ್ದೂ ಒಂದೇ ಶಿಫ್ಟು. ಅವನು ಮನೆಗೆ ಬಂದು ಗಿಡಕ್ಕೆ ನೀರು ಹಾಕಿ, ಹೆಂಡ್ತಿ ಜೊತೆ ಜಗಳಾನೂ ಆಡಿ ಮುಗಿಸಿರ್ತಾನೆ. ಇವರು ಆಮೇಲೆ ಬರ್ತಾರೆ. ಕೇಳಿದ್ರೆ ಬಸ್ಸು ಲೇಟು ಅಂತಾರೆ. ನಿಮ್ಮ ಮಾವನ ಬಸ್ಸಿಗೆ ಮಾತ್ರ ರಸ್ತೆ ಉದ್ದ ಆಗುತ್ತಾ?"

"ಹಾಗಂದ್ರೆ ಏನು ಅತ್ತೆ?"

"ಏನೂ ಇಲ್ಲ. ಆಸ್ಪತ್ರೆ ಸ್ಟಾಪಲ್ಲಿ ಏನಿದೆ, ಯಾರಿದಾರೆ, ಒಂದು ಸಲ ಬಸ್ಸಲ್ಲಿ ಹೋಗಿ ನೋಡ್ಕೊಂಡು ಬಾ. ಅವರಿಗೆ ಗೊತ್ತಾಗ್ಬಾರ್ದು."

ನನಗೂ ಒಳಗೊಳಗೆ ಅದೇ ಹುಳ. ಡ್ರೈವರ್ ಬೇರೆ, ಬಸ್ಸು ಬೇರೆ, ತಡ ಒಂದೇ ಎಂದರೆ ಮಾವ ಎಲ್ಲೋ ಏನೋ ಮಾಡುತ್ತಿರಲೇಬೇಕು. ಅತ್ತೆಗೆ ಪತ್ತೇದಾರ, ಮ್ಯಾನೇಜರಿಗೆ ಸಾಕ್ಷಿ, ಮೇಡಂ ಕಣ್ಣಿಗೆ ಕಳ್ಳ. ಒಂದೇ ಸಂಬಳದಲ್ಲಿ ಮೂರು ವೇಷ.

ಕಪ್ಪು ಕನ್ನಡಕ, ಟೋಪಿ ಹಾಕಿಕೊಂಡು ಮಾವನ ಬಸ್ಸಿನ ಹಿಂದಿನ ಸೀಟು ಹಿಡಿದೆ. ಮಾವ ಟಿಕೆಟ್ ಕೊಡುತ್ತ ಕೊಡುತ್ತ ನನ್ನ ಹತ್ತಿರ ಬಂದು ನಿಂತರು.

"ಕಣ್ಣು ಬಂದಿದೆಯೇನೋ?"

ಕನ್ನಡಕ ತೆಗೆದೆ. "ಆಫೀಸ್ ಕೆಲಸ ಮಾವ. ಪಾಸ್ ಇದೆ."

"ತೋರ್ಸು." ಸಿಬ್ಬಂದಿ ಪಾಸನ್ನು ಈಚೆ ಆಚೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು, ನನ್ನ ಮುಖಕ್ಕೆ ಹೋಲಿಸಿದರು. "ಫೋಟೋದಲ್ಲಿ ಮೀಸೆ ಇಲ್ಲ."

"ಆಮೇಲೆ ಬಿಟ್ಟಿದ್ದು, ಮಾವ. ದಿನಾ ನನ್ನ ಜೊತೆ ಊಟ ಮಾಡ್ತೀರಲ್ಲ."

"ಮನೇಲಿ ಅಳಿಯ. ಇಲ್ಲಿ ಪ್ರಯಾಣಿಕ" ಎಂದು ಮಶಿನ್ನಿನ ತೂತಿನ ಕಡೆ ಕಣ್ಣಲ್ಲೇ ತೋರಿಸಿ ಮುಂದೆ ಹೋದರು.

ದಾರಿಯುದ್ದಕ್ಕೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಮಾವ ಎಲ್ಲೂ ಇಳಿಯಲಿಲ್ಲ, ಯಾರೊಂದಿಗೂ ಹರಟಲಿಲ್ಲ. ತಡ ಮಾಡಿದ್ದು ಸೇತುವೆ ಹತ್ತಿರದ ಲಾರಿಗಳ ಸಾಲು. ತಡ ಮಾಡಿದ್ದು ಕೋಲೂರಿಕೊಂಡು ಹತ್ತಿದವರು, ಸುತ್ತಿದ ಹಾಸಿಗೆ ಹೊತ್ತು ರೋಗಿಯ ಜೊತೆಗೆ ಬಂದವರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೆಟ್ಟಿಲ ಮೇಲೆ ಯೋಚನೆ ಮಾಡುತ್ತ ನಿಂತವರು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಜನ ಕುಣಿಯುತ್ತ ಹತ್ತುತ್ತಾರೆಂದು ವೇಳಾಪಟ್ಟಿ ಬರೆದವನು ಅಂದುಕೊಂಡಿದ್ದನೇನೋ. ಕೊನೆಯ ನಿಲ್ದಾಣ ಆಸ್ಪತ್ರೆಯ ಆವರಣದೊಳಗೇ. ಗೇಟು ದಾಟಿ, ಬಸ್ಸು ನಿಂತು, ಕೊನೆಯ ಪ್ರಯಾಣಿಕ ಇಳಿದ ಮೇಲೆ ಮಾವ ಮಶಿನ್ನನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, "ಬಂದ್ವಿ" ಎಂದು ಅದಕ್ಕೆ ಹೇಳಿ ಗುಂಡಿ ಒತ್ತಿದರು.

ವಾಪಸು ಬೇರೆ ಬಸ್ಸಿನಲ್ಲಿ ಬಂದೆ. ಅದರ ಕಂಡಕ್ಟರ್ ಹಿಂದಿನ ಬೀದಿಯ ಗಿಡದವನು. ಬಸ್ಸು ಇನ್ನೂ ಸೇತುವೆ ದಾಟದೆ ಲಾರಿಗಳ ಹಿಂದೆ ಕುಂಟುತ್ತಿತ್ತು. ಅವನು ಕೈಗಡಿಯಾರ ನೋಡಿದ, ಆಕಳಿಸಿದ, ಗುಂಡಿ ಒತ್ತಿದ.

"ಅಣ್ಣಾ, ಡಿಪೊ ಇನ್ನೂ ಬಂದಿಲ್ವಲ್ಲ?"

"ಬರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ ಡಿಪೊ? ಟೈಮ್ ಬಂತು, ಒತ್ತಿದೆ. ತಲುಪಿದಾಗ ಒತ್ತೋಕೆ ನಾನೇನು ನಿಮ್ಮ ಮಾವನಾ, ವಾರಾಪೂರ್ತಿ ಮೆಮೊಗೆ ಸಮಜಾಯಿಷಿ ಬರ್ಕೊಂಡು ಕೂರೋಕೆ? ಡ್ಯೂಟಿ ಮುಗಿದ ಮೇಲೆ ರೆಸ್ಟ್ ರೂಮಲ್ಲಿ ಅವರು ಬರೆಯೋದು ನೋಡಿದ್ರೆ ಪಾಪ ಅನ್ಸುತ್ತೆ."

"ಎಲ್ಲರೂ ಹೀಗೇನಾ?"

"ಎಲ್ಲರೂ ಅಂದ್ರೆ? ಇದರಲ್ಲಿ ಬೇರೆ ಇನ್ನೊಂದು ಥರ ಇದೆಯಾ?"

ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು: ಮಾವ ಸಂಜೆ ಹೋಗುತ್ತಿದ್ದ ಆ ಇನ್ನೊಂದು ಮನೆ ಡಿಪೊದ ರೆಸ್ಟ್ ರೂಮು. ನನ್ನ ಪ್ರಶ್ನೆಗೂ ಸಿಕ್ಕಿತು. ಕಚೇರಿಗೆ ಓಡಿ ನನ್ನ ಅಚ್ಚುಕಟ್ಟಾದ ಗೆರೆಯ ಮೇಲೆ ಹಳೆಯ ವೇಳಾಪಟ್ಟಿಯನ್ನು ಇಟ್ಟು ನೋಡಿದೆ. ಎರಡೂ ಒಂದಕ್ಕೊಂದು ಅಂಟಿಕೊಂಡವು. ಬಸ್ಸುಗಳ ಓಟ ಅಂದುಕೊಂಡು ನಾನು ಕಂಪ್ಯೂಟರಿಗೆ ಕಲಿಸಿದ್ದು ನಮ್ಮದೇ ವೇಳಾಪಟ್ಟಿಯನ್ನು. ಸುಳ್ಳನ್ನು ಬಚ್ಚಿಟ್ಟು ಅಕ್ಕಪಕ್ಕದ ಸುಳ್ಳನ್ನು ಕೇಳಿದರೆ ಗೆರೆ ಸಲೀಸಾಗಿ ಹೇಳದೆ ಏನು ಮಾಡೀತು? ಒಬ್ಬರದೇ ನಿಜ ಇತ್ತು. ಅದನ್ನು ನಾನು ದಾರಿ ತಪ್ಪಿದ್ದೆಂದು ಬದಿಗಿಟ್ಟಿದ್ದೆ, ಕೆಂಪು ಬಣ್ಣದಲ್ಲಿ.

ಮಾವನಿಗೆ ಹೇಳಿದರೆ ಅವರು ಬೆಚ್ಚಲಿಲ್ಲ. "ಗೊತ್ತಿತ್ತು ಕಣೋ. ಒತ್ತಲಿ. ಅದು ನೋಡ್ತಾ ಇದೆ. ಒಂದಿನ ಎಲ್ಲರ್ನೂ ಹಿಡಿಯುತ್ತೆ."

"ಈಗ ಹಿಡಿದಿರೋದು ನಿಮ್ಮನ್ನ, ಮಾವ. ವಿಚಾರಣೇಲಿ ನಾನು ಎಲ್ಲ ಹೇಳ್ತೀನಿ."

ಅವರ ಮುಖ ಮೊದಲ ಸಲ ಇಳಿಯಿತು. "ಬೇಡ. ಸೋದರಳಿಯನ್ನ ಛೂ ಬಿಟ್ಟು ಎಲ್ಲರ ಹೊಟ್ಟೆಗೆ ಹೊಡೆದ ಅಂತಾರೆ. ಆಮೇಲೆ ಆ ಡಿಪೊದಲ್ಲಿ ನನಗೆ ಒಂದು ಲೋಟ ನೀರು ಕೊಡೋವ್ರು ಇರಲ್ಲ. ಕೊಟ್ಟರೂ ನಾನು ಕುಡಿಯಲ್ಲ." ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು. "ಬಸ್ಸು ತೊಳೆಯೋದು ನನಗೇನು ಹೊಸದಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ತಲೆಗೆ ದಾರಿ ಹೊಳೆಯದೆ ಮೇಡಂ ಹತ್ತಿರ ಹೋಗಿ ಯಾರ ಹೆಸರೂ ಎತ್ತದೆ ವಿಷಯ ಹೇಳಿದೆ. ಅವರು ನನ್ನ ಮಾತು ನಂಬಲಿಲ್ಲ. ಅದೇ ಒಳ್ಳೆಯದಾಯಿತು.

"ಗೆರೆಗೆ ಪರೀಕ್ಷೆ ಕೊಡೋವಾಗ ಪ್ರಶ್ನೆಪತ್ರಿಕೆ ಅದೇ ಮನೆಯಿಂದ ಬರಬಾರದು" ಎಂದರು. "ಬಸ್ಸು ತಲುಪಿದ ಹೊತ್ತು ಮಶಿನ್ ಬಿಟ್ಟು ಬೇರೆ ಯಾರಿಗೆ ಗೊತ್ತು?"

ಆಸ್ಪತ್ರೆಯ ಗೇಟಿಗೆ ಗೊತ್ತಿತ್ತು. ತಾನಾಗಿ ಮೇಲೇಳುವ ಗೇಟು, ಒಳಬರುವ ಪ್ರತಿ ವಾಹನದ ನಂಬರನ್ನೂ ಹೊತ್ತನ್ನೂ ಅದರ ಕ್ಯಾಮೆರಾ ಹಿಡಿದಿಡುತ್ತದೆ. ಮೇಡಂ ಆ ಮಾಹಿತಿ ತರಿಸಿಕೊಂಡರು. ಗೇಟಿನ ಗಡಿಯಾರದ ಮೇಲೂ ಅನುಮಾನ ಬಂದು, ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಾವೇ ಹೋಗಿ ಕೊಡೆ ಹಿಡಿದು ಗೇಟಿನ ಪಕ್ಕ ನಿಂತು, ಕೈಗಡಿಯಾರಕ್ಕೆ ತಾಳೆ ನೋಡಿ ಬಂದರು. ನನ್ನನ್ನು ಕೋಣೆಯಿಂದ ಹೊರಗೆ ಕೂರಿಸಿ ಮೊದಲಿನಿಂದ ಎಲ್ಲ ಲೆಕ್ಕವನ್ನೂ ತಾವೇ ಮಾಡಿದರು. ನಾನು ಕಾರಿಡಾರಿನ ಬೆಂಚಿನ ಮೇಲೆ, ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡನ ಹಾಗೆ.

ಬಾಗಿಲು ತೆರೆದಾಗ ಅವರು ಹೇಳಿದ್ದು ಇಷ್ಟೇ: "ಇನ್ನೊಂದು ಮೂಲೆಗೆ ಓಡ್ತು."

ಗೇಟು ಕಂಡ ಹೊತ್ತುಗಳನ್ನು ಪರೀಕ್ಷೆಗೆ ಇಟ್ಟರೆ ಲಗಾಮು ಈಗ ಪೂರ್ತಿ ಬಿಗಿಯ ಕಡೆಗೆ ಹೋಗಿ ಕೂತಿತ್ತು. ಈ ಚುಕ್ಕಿಗಳಲ್ಲಿ ಒಂದನ್ನೂ ನಂಬಬೇಡಿ, ಸುಮ್ಮನೆ ಒಂದು ಸರಾಸರಿ ಹೇಳಿ ಕೈತೊಳೆದುಕೊಳ್ಳಿ, ಅದೂ ತಪ್ಪೇ, ಆದರೆ ಇದ್ದುದರಲ್ಲಿ ವಾಸಿ, ಎಂದು ಅದರ ತೀರ್ಪು. ಕೆಂಪು ಚುಕ್ಕಿಗಳು ಮಾತ್ರ ಗೇಟಿನ ಹೊತ್ತಿನ ಜೊತೆ ಹೆಜ್ಜೆ ಹಾಕುತ್ತಿದ್ದವು.

ವಿಚಾರಣೆಯ ದಿನ ಮಾವ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದು ಕುರ್ಚಿಯನ್ನು ಅಲ್ಲಾಡಿಸಿ ನೋಡಿ ಕೂತರು. ಕೆಂಪು ಚುಕ್ಕಿಗಳೇ ಸರಿ ಎಂದು ನಾನು ಶುರು ಮಾಡುತ್ತಿದ್ದಂತೆ ಮ್ಯಾನೇಜರ್ ತಡೆದರು.

"ಇವರು ನಿಮಗೇನಾಗ್ಬೇಕು?"

"ಸೋದರಮಾವ, ಸಾರ್."

"ಹೋದ ವಾರ ಕೆಂಪು ಚುಕ್ಕಿ ತಪ್ಪು ಅಂದ್ರಿ. ಇವತ್ತು ಕೆಂಪು ಚುಕ್ಕಿ ಒಂದೇ ಸರಿ ಅಂತೀರಿ. ಮಧ್ಯೆ ಮನೇಲಿ ಏನಾದ್ರೂ ನಡೀತಾ?"

ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಮೇಡಂ ತಮ್ಮ ಕಾಗದ ಮುಂದೆ ಸರಿಸಿದರು. "ಅವರ ಲೆಕ್ಕ ನಾನು ನಂಬಿಲ್ಲ ಸಾರ್. ಇದು ನನ್ನದು, ಅವರು ರೂಮಲ್ಲಿ ಇರಲಿಲ್ಲ. ಈ ಕಂಡಕ್ಟರ್ ಒತ್ತಿದ ಹೊತ್ತೂ ಗೇಟು ನೋಡಿದ ಹೊತ್ತೂ ಒಂದೇ."

ಮ್ಯಾನೇಜರ್ ಎರಡೂ ಸಾಲುಗಳ ಮೇಲೆ ಬೆರಳಿಟ್ಟು ತಾಳೆ ನೋಡಿದರು. ಆಮೇಲೆ ನಿಧಾನವಾಗಿ, "ಹಾಗಾದ್ರೆ ಉಳಿದವರೆಲ್ಲ ಸುಳ್ಳು ಒತ್ತಿದಾರೆ. ಅವರ ಪಟ್ಟಿ ಕೊಡಿ" ಎಂದರು.

ಮಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮಂಡಿ ನೋವಿದ್ದರೂ ತುಳಿತದಲ್ಲಿ ಕೊರತೆ ಇರಲಿಲ್ಲ.

"ಪಟ್ಟಿ ಕೊಟ್ರೆ ಇಡೀ ರೂಟು ನಿಲ್ಲುತ್ತೆ ಸಾರ್" ಎಂದರು ಮೇಡಂ. "ತಡ ಆದ್ರೆ ಹೊಡೀತೀವಿ ಅಂದ್ರೆ ಗಡಿಯಾರಾನೂ ಸುಳ್ಳು ಹೇಳೋದು ಕಲಿಯುತ್ತೆ. ನಿಮಗೆ ಬೇಕಿರೋದು ಹೊಸ ವೇಳಾಪಟ್ಟಿ. ಸ್ವಲ್ಪ ದಿನ ಮೆಮೊ ನಿಲ್ಸಿ, ನಿಜವಾದ ಹೊತ್ತು ಬರಲಿ. ಆಗ ಇವರು ಗುಂಪಿಗಿಂತ ತಡ ಇದ್ರೆ ಚೀಲ ತಗೊಳ್ಳಿ."

ಮ್ಯಾನೇಜರ್ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ. ತೀರ್ಪು ಅಲ್ಲಿಯವರೆಗೆ ಮುಂದಕ್ಕೆ ಹೋಯಿತು.

ಮೆಮೊ ನಿಂತಿತು, ಚುಕ್ಕಿಗಳು ಕದಲಲಿಲ್ಲ. ಕಂಡಕ್ಟರುಗಳು ಬಿಸಿಹಾಲು ಕುಡಿದ ಬೆಕ್ಕುಗಳು. ಮೆಮೊ ನಿಲ್ಲಿಸಿದ್ದೇ ಹಿಡಿಯಲು ಎಂದುಕೊಂಡು ಮುಂಚಿಗಿಂತ ಕರಾರುವಾಕ್ಕಾಗಿ ವೇಳಾಪಟ್ಟಿಯ ನಿಮಿಷಕ್ಕೇ ಒತ್ತತೊಡಗಿದರು. ಪರದೆಯ ಮೇಲೆ ಮಾವ ಮತ್ತೆ ಒಂಟಿ. ಮ್ಯಾನೇಜರ್ ನನ್ನ ಮೇಜಿನ ಮುಂದೆ ಹಾದುಹೋಗುವಾಗಲೆಲ್ಲ, "ಇನ್ನೂ ಅದೇ ಕೆಂಪಾ?" ಎಂದು ಕೇಳಿ ಹೋಗುತ್ತಿದ್ದರು. ನಾನು ಬಣ್ಣ ನೀಲಿಗೆ ಬದಲಾಯಿಸಿದೆ. ನನ್ನಿಂದಾದ ಸಹಾಯ ಅಷ್ಟೇ.

ಹೊಸ ವೇಳಾಪಟ್ಟಿಗೆ ಗಡುವು ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಡಿಪೊದ ಚಹಾ ಕಟ್ಟೆಯ ಹತ್ತಿರ ಹೋದಾಗ ಕಂಡಕ್ಟರುಗಳೆಲ್ಲ ಮಾವನ ಸುತ್ತ ಸೇರಿದ್ದರು.

"ಅಲ್ಲ ನಿಧಾನಪ್ಪಣ್ಣ, ನಿನ್ನೊಬ್ಬನ್ನ ಅವರು ಹೇಗೆ ಬಿಟ್ರು? ಗೇಟಿನ ಕ್ಯಾಮೆರಾದಿಂದ ಅಂತಾರಲ್ಲ, ಹೌದಾ?" ಗಿಡದವನು ಕೇಳುತ್ತಿದ್ದ.

"ಗೇಟು ನೆಪ ಕಣ್ರೋ" ಎಂದರು ಮಾವ. ಲೋಟ ಕೆಳಗಿಟ್ಟು ಮಶಿನ್ನನ್ನು ತಿರುಗಿಸಿ ಬೆರಳಿನಿಂದ ತೂತು ತೋರಿಸಿದರು. "ನೋಡಿದ್ದು ಇದು. ಮಶಿನ್ ಬಂದ ದಿನಾನೇ ಕಲಿಸೋಕೆ ಬಂದೋನು ಹೇಳಿದ್ದ, ನೀವು ನಕ್ಕಿರಿ. ನಾನು ಒತ್ತೋವಾಗ ಬಸ್ಸು ಎಲ್ಲಿತ್ತು ಅಂತ ಇದಕ್ಕೆ ಗೊತ್ತು. ಅದಕ್ಕೇ ನನ್ನ ಪರ ಸಾಕ್ಷಿ ಹೇಳ್ತು. ನಿಮ್ಮ ಬಸ್ಸು ಎಲ್ಲಿತ್ತು ಅಂತಾನೂ ಇದಕ್ಕೆ ಗೊತ್ತು. ಸುಮ್ನಿದೆ ಅಷ್ಟೇ. ಯಾವಾಗ ಹೇಳುತ್ತೋ ನಾನು ಹೇಳೋಕಾಗಲ್ಲ."

ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ತಮ್ಮ ತಮ್ಮ ಮಶಿನ್ನು ತಿರುಗಿಸಿ ನೋಡಿದರು. ಎಲ್ಲದರಲ್ಲೂ ತೂತಿತ್ತು. ಗಿಡದವನು ನನ್ನ ಕಡೆ ತಿರುಗಿದ.

"ಏನಪ್ಪಾ ಚುಕ್ಕಿ ಸಾಹೇಬ, ನೀನು ಓದಿದೋನು. ಈ ತೂತು ಏತಕ್ಕಿದೆ?"

ಹತ್ತಾರು ಕಣ್ಣುಗಳು ನನ್ನ ಮೇಲೆ. ಮಾವನ ಕಣ್ಣೂ ಅದರಲ್ಲಿತ್ತು, ಎಲ್ಲರಿಗಿಂತ ಹೆಚ್ಚು ಅನುಮಾನದಿಂದ.

"ನಮಗೂ ಹೇಳಿಲ್ಲ ಅಣ್ಣ" ಎಂದೆ.

ಅಷ್ಟೇ ಸಾಕಾಯಿತು. ಮರುದಿನದಿಂದ ಚುಕ್ಕಿಗಳು ಚೆಲ್ಲಾಪಿಲ್ಲಿಯಾದವು. ಬೆಳಗಿನ ಹೊತ್ತು ಏರಿದವು, ಮಧ್ಯಾಹ್ನ ತುಸು ಇಳಿದವು, ಸೇತುವೆಯ ಲಾರಿಗಳ ಹೊತ್ತಿಗೆ ಗುಡ್ಡವಾದವು. ಲಗಾಮನ್ನು ಬಿಟ್ಟು ನೋಡಿದೆ. ಅದು ಯಾವ ಮೂಲೆಗೂ ಓಡದೆ ನಡುವೆ ಎಲ್ಲೋ ಹೋಗಿ ನಿಂತಿತು. ಗೇಟಿನ ಹೊತ್ತುಗಳಿಂದ ಪರೀಕ್ಷೆ ಕೊಟ್ಟರೂ ಅಲ್ಲೇ ಹತ್ತಿರ ನಿಂತಿತು. ತಪ್ಪು ಮುಂಚಿಗಿಂತ ಎಷ್ಟೋ ಹೆಚ್ಚು, ಮತ್ತು ಮೇಡಂ ಮೊದಲ ಸಲ ಸಹಿ ಮಾಡಿದರು. ಪೆನ್ನು ಮುಚ್ಚುವ ಮುಂಚೆ ನನ್ನನ್ನು ದಿಟ್ಟಿಸಿ, "ಎಲ್ಲರೂ ಒಂದೇ ದಿನ ಸತ್ಯವಂತರಾದ್ರಾ? ಏನು ಮಾಡಿದ್ರಿ?" ಎಂದರು.

"ನಾನೇನೂ ಮಾಡಿಲ್ಲ ಮೇಡಂ." ಅದು ನಿಜ. ಆದರೂ ಅವರು ನಂಬಲಿಲ್ಲ.

ಮ್ಯಾನೇಜರ್ ಬಂದು ಮಾವನ ಚುಕ್ಕಿಗಳನ್ನು ತೋರಿಸಿ ಎಂದರು. ತೋರಿಸಲು ಹೋದರೆ ನನಗೇ ಸಿಗಲಿಲ್ಲ. ನೀಲಿ ಚುಕ್ಕಿಗಳು ಗುಂಪಿನಲ್ಲಿ ಕರಗಿಹೋಗಿದ್ದವು, ಕೆಲವು ಗೆರೆಯ ಮೇಲೆ, ಕೆಲವು ಕೆಳಗೆ. ವಿಚಾರಣೆಯ ಕಡತ ಮುಚ್ಚಿತು. ಆಸ್ಪತ್ರೆ ರೂಟಿಗೆ ಹೊಸ ವೇಳಾಪಟ್ಟಿ ಬಂತು, ಕೋಲೂರಿಕೊಂಡು ಹತ್ತುವವರಿಗೂ ಅದರಲ್ಲಿ ಹೊತ್ತಿತ್ತು.

ಮಾವ ಈಗ ಸಂಜೆ ಬೇಗ ಬರುತ್ತಾರೆ. ಅತ್ತೆ ಒಂದು ವಾರ ಸಂತೋಷಪಟ್ಟು, ಆಮೇಲೆ ನನ್ನನ್ನು ಮತ್ತೆ ಅಡುಗೆಮನೆಗೆ ಕರೆದು, "ಇದ್ದಕ್ಕಿದ್ದ ಹಾಗೆ ಇಷ್ಟು ಬೇಗ ಬರೋಕೆ ಶುರು ಮಾಡಿದಾರಲ್ಲ, ಯಾಕಿರಬಹುದು?" ಎಂದು ಕೇಳಿದರು.

ಮೊನ್ನೆ ಅವರ ಬಸ್ಸಿನಲ್ಲೇ ಕಚೇರಿಗೆ ಹೊರಟೆ. ಚೀಲ ಅವರ ಹೆಗಲಲ್ಲಿ ಮೊದಲಿನಂತೆಯೇ ಇತ್ತು. ಹಿಂದಿನ ಸಲದ ಅವಮಾನ ಬೇಡವೆಂದು ಮುಂಜಾಗ್ರತೆಯಾಗಿ ಮೀಸೆ ಬೋಳಿಸಿಕೊಂಡಿದ್ದೆ. ಮಾವ ಪಾಸು ಇಸಿದುಕೊಂಡು, ಬೆಳಕಿಗೆ ಹಿಡಿದು, ಫೋಟೋ ನೋಡಿ ನನ್ನನ್ನು ನೋಡಿ, ನನ್ನನ್ನು ನೋಡಿ ಫೋಟೋ ನೋಡಿ, ಹುಬ್ಬು ಗಂಟಿಕ್ಕಿದರು.

"ಈಗೇನು ಮಾವ? ಸರಿಯಾಗಿ ಹೊಂದುತ್ತಲ್ಲ."

"ಅದೇ ಕಣೋ" ಎಂದರು ಪಾಸು ಹಿಂದಿರುಗಿಸದೆ. "ಇಷ್ಟು ಸರಿಯಾಗಿ ಯಾಕೆ ಹೊಂದ್ತಾ ಇದೆ?"